ಇನ್ನೂರನೆಯ ಮೀನು

ಹಲಸೂರು
11 ಜನವರಿ 1943

ಮಾವನಿಗೆ ಗೋವಿಂದಮ್ಮ ಬರೆಯುವುದು.

ಕ್ಷೇಮಸಮಾಚಾರ ಬರೆಯಲು ಕೂತರೆ ಕಾಗದವೇ ಮುಗಿಯುತ್ತದೆ. ಎಲ್ಲರೂ ಚೆನ್ನಾಗಿದ್ದೇವೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ ಎಂದು ನಿನ್ನ ಅಕ್ಕ ಹೇಳಿದ್ದಾಳೆ. ಅವಳಿಗೆ ನೀನು ಇನ್ನೂ ತಮ್ಮ, ಕಲ್ಕತ್ತೆಯ ಅಂಕಿಸಂಖ್ಯೆ ಕಚೇರಿಯ ರಾಮಾಂಜಿನಪ್ಪನವರಲ್ಲ. ನನಗೂ ಅಷ್ಟೆ. ನಾಲ್ಕೇ ವರ್ಷ ದೊಡ್ಡವನಿಗೆ ಬಹುವಚನ ಹಾಕಲು ನನ್ನ ಕೈ ಬರುವುದಿಲ್ಲ.

ವಿಷಯ ಕೆರೆಯದು. ಮಿಲಿಟರಿ ಆಸ್ಪತ್ರೆಗಳಿಗೆ ಮೀನು ಬೇಕಂತೆ. ಒಬ್ಬ ಕಂತ್ರಾಟುದಾರ ಇಡೀ ಕೆರೆಯನ್ನು ತನಗೆ ಕೊಡಿ ಎಂದು ಅರ್ಜಿ ಹಾಕಿದ್ದಾನೆ. ಅವನದು ಎಳೆಬಲೆ, ಈ ದಡದಿಂದ ಆ ದಡ ಮುಟ್ಟುವಂಥದ್ದು. ಅಪ್ಪನದೂ ನಮ್ಮ ಬೀದಿಯ ಹದಿನೇಳು ಮನೆಯವರದೂ ಬೀಸುಬಲೆ. ಕೆರೆ ಅವನಿಗೆ ಹೋದರೆ ಅಪ್ಪ ಹರಿಗೋಲನ್ನು ಮಗುಚಿ ಹಾಕಿ ಕೂಲಿಗೆ ಹೋಗಬೇಕು. ಕೆರೆ ನೋಡಿಕೊಳ್ಳುವ ಸಾಹೇಬರು, "ಎಷ್ಟು ಮೀನಿದೆ ಅಂತ ಗೊತ್ತಾಗ್ಲಿ, ಆಮೇಲೆ ನೋಡೋಣ" ಎಂದರು. ಅಪ್ಪ ಕೈ ಮುಗಿದು, "ಸ್ವಾಮಿ, ನೀರೊಳಗಿರೋದನ್ನ ಯಾರು ಎಣಿಸ್ತಾರೆ?" ಎಂದರು. ಪಕ್ಕದಲ್ಲಿದ್ದ ನಾನು, "ನಮ್ಮ ಮಾವ ಎಣಿಸ್ತಾರೆ" ಎಂದುಬಿಟ್ಟೆ. ಸಾಹೇಬರು ಮೇ ತಿಂಗಳವರೆಗೆ ಸಮಯ ಕೊಟ್ಟಿದ್ದಾರೆ.

ಈಗ ಹೇಳು, ಹೇಗೆ ಎಣಿಸುವುದು?

ಗೋವಿಂದ

*

ಕಲ್ಕತ್ತೆ
27 ಜನವರಿ 1943

ಗೋವಿಂದೂ,

ನಿನ್ನ ಕಾಗದ ಬಂದ ದಿನ ನಾನು ಮೇಜಿನ ಮುಂದೆ ಕೂತೇ ಕೆರೆಗೆ ಹೋಗಿಬಂದೆ. ಬೆಳಗಿನ ಮಂಜು, ಸ್ಯಾಪರ್ಸ್ ದಂಡಿನ ಲೈನಿನ ಬ್ಯೂಗಲ್ಲು ನೀರಿನ ಮೇಲೆ ತೇಲಿ ಬರುವುದು, ನಡುಗಡ್ಡೆಯ ಮರದ ನೆರಳಿನಲ್ಲಿ ಗೆಂಡೆ ಮೀನುಗಳು ನಿದ್ದೆಯಲ್ಲಿರುವವರಂತೆ ನಿಧಾನವಾಗಿ ತಿರುಗುವುದು. ಇಲ್ಲಿ ನನ್ನ ಮುಂದಿರುವುದು ಒಂದು ಪುಸ್ತಕ. ಪುಟದ ತುಂಬ ಅಂಕಿಗಳು, ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಯಾವ ಹಳ್ಳಿ, ಯಾವ ಮನೆ ಎಂದು ಚೀಟಿ ಎತ್ತಿದ ಹಾಗೆ ಆ ಪುಸ್ತಕ ಹೇಳುತ್ತದೆ. ನಾವು ಹೋಗಿ ಆ ಮನೆಯ ಬಾಗಿಲುವಾಡದ ಮೇಲೆ ಟಾರಿನಲ್ಲಿ ನಂಬರು ಬರೆದು, ಎಷ್ಟು ಜನ, ಎಷ್ಟು ಭತ್ತ ಎಂದು ಕೇಳುತ್ತೇವೆ. ನಮಗೆ ಇಷ್ಟವಾದ ಮನೆಗೆ ಹೋಗುವಂತಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಅದೇ ಮನೆಗಳಿಗೆ ಹೋಗುತ್ತೇವೆ.

ಮೀನಿಗೂ ಹಾಗೆಯೇ ಮಾಡು. ಮೊಳದುದ್ದದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೋ. ಇನ್ನೂರು ಹಿಡಿದು, ಕತ್ತರಿಯಿಂದ ಬಾಲದ ಮೇಲ್ತುದಿ ಒಂದಿಷ್ಟು ಕತ್ತರಿಸಿ ನೀರಿಗೆ ಬಿಡು. ನೋವಾಗುವುದು ಕಡಿಮೆ. ಒಂದು ತಿಂಗಳು ಸುಮ್ಮನಿರು, ಅವು ಬೆರೆಯಲಿ. ಆಮೇಲೆ ಕೆರೆಯ ಎಲ್ಲ ಮೂಲೆಯಿಂದ ಮುನ್ನೂರು ಹಿಡಿಸಿ, ಅದರಲ್ಲಿ ಗುರುತಿನವು ಎಷ್ಟು ನೋಡು. ಹತ್ತರಲ್ಲಿ ಒಂದು ಗುರುತಿನದಾದರೆ, ನಮ್ಮ ಇನ್ನೂರು ಇಡೀ ಕೆರೆಯ ಹತ್ತರಲ್ಲೊಂದು ಪಾಲು, ಅಂದರೆ ಕೆರೆಯಲ್ಲಿ ಎರಡು ಸಾವಿರ. ಸಾರು ರುಚಿ ನೋಡಲು ಒಂದು ಸೌಟು ಸಾಕು, ಆದರೆ ಮೊದಲು ಚೆನ್ನಾಗಿ ಕಲಕಿರಬೇಕು.

ಅಂಕಿ ದೊಡ್ಡದಾಗಿ ಬರಲಿ ಎಂದು ಹಾರೈಸುತ್ತೇನೆ. ಬೇಕಾದಷ್ಟು ಮೀನಿದೆ ಎಂದಾದರೆ ಭಾವನ ಬೀಸುಬಲೆಯ ತಂಟೆಗೆ ಯಾರು ಬರುತ್ತಾರೆ?

ರಾಮಾಂಜಿ

*

ಹಲಸೂರು
1 ಮಾರ್ಚ್ 1943

ಮಾವ,

ಇನ್ನೂರೂ ಆದವು. ಒಂಬತ್ತು ದಿನ ಹಿಡಿಯಿತು. ಮರ್ಫಿ ಟೌನಿನ ಶಾಲೆಯಲ್ಲಿ ಪಾಠ ಮುಗಿಸಿ ನೇರವಾಗಿ ಹರಿಗೋಲಿಗೆ. ಅಪ್ಪ ಹುಟ್ಟು ಹಾಕುತ್ತಾ, "ಓದಿಸಿದ್ದಕ್ಕೆ ಇದೊಂದು ಬಾಕಿಯಿತ್ತು" ಎಂದು ನಗುತ್ತಿದ್ದರು.

ಗುರುತು ಚೆನ್ನಾಗಿ ಕಾಣುತ್ತದೆ. ನೀರಿಗೆ ಬಿಟ್ಟ ಮೇಲೂ ಸ್ವಲ್ಪ ದೂರ ಬಿಸಿಲಿಗೆ ಮಿನುಗುತ್ತಾ ಹೋಗುತ್ತದೆ, ಆಮೇಲೆ ಹಸಿರು ಕತ್ತಲು. ಕೊನೆಯದನ್ನು, ಇನ್ನೂರನೆಯದನ್ನು, ಬಿಡುವಾಗ ನನಗೆ ಏನೋ ಆಯಿತು. ಅದು ಕೈಯಿಂದ ಜಾರಲಿಲ್ಲ, ಒಂದು ಗಳಿಗೆ ಅಂಗೈ ಮೇಲೇ ನಿಂತಿತ್ತು.

ಅಮ್ಮ ಬೈಯುತ್ತಿದ್ದಾಳೆ. ನನ್ನ ಚಿನ್ನದ ಮೂಗುತಿ ಕೆರೆಯಲ್ಲಿ ಬಿದ್ದುಹೋಯಿತು. ಹೋಗಲಿ ಬಿಡು.

ಗೋವಿಂದ

*

ಹಲಸೂರು
5 ಏಪ್ರಿಲ್ 1943

ಮಾವ,

ಮುನ್ನೂರು ಹಿಡಿದದ್ದಾಯಿತು. ಬೀದಿಯ ಹದಿನೆಂಟು ಬಲೆಗಳೂ ಕೆಲಸ ಮಾಡಿದವು. ಮೂಲೆ ಮೂಲೆಗೂ ಹೋಗಿದ್ದಾರೆ. ನನಗೆ ಶಾಲೆ ಇರುವುದರಿಂದ ದಿನದ ಲೆಕ್ಕ ಅಪ್ಪ ಬಂದು ಹೇಳುತ್ತಿದ್ದರು, ಭಾನುವಾರ ಮಾತ್ರ ನಾನೇ ಹೋಗುತ್ತಿದ್ದೆ. ಪಟ್ಟಿ ಇದರ ಜೊತೆಗಿದೆ.

ಗುರುತಿನವು ಮೂರು. ಮೂರೇ. ಮೂರೂ ಸಿಕ್ಕಿದ್ದು ಭಾನುವಾರವೇ. ನಾನು ಹರಿಗೋಲಿನಲ್ಲಿದ್ದರೆ ಅದೃಷ್ಟ ಎಂದು ಅಪ್ಪನಿಗೆ ಹೇಳಿದೆ, ಅವರು ಬೇರೆ ಕಡೆ ನೋಡಿದರು.

ಗೋವಿಂದ

*

ಕಲ್ಕತ್ತೆ
24 ಏಪ್ರಿಲ್ 1943

ಗೋವಿಂದೂ,

ಇಪ್ಪತ್ತು ಸಾವಿರ.

ಮೂರು ಸಲ ಲೆಕ್ಕ ಹಾಕಿದೆ. ಮುನ್ನೂರರಲ್ಲಿ ಮೂರು ಎಂದರೆ ನೂರಕ್ಕೆ ಒಂದು. ಹಾಗಾದರೆ ನಮ್ಮ ಇನ್ನೂರು ಇಪ್ಪತ್ತು ಸಾವಿರದೊಳಗಿನ ಇನ್ನೂರು. ನಾವು ಹುಟ್ಟಿದಾಗಿನಿಂದ ಕಾಲು ಇಳಿಬಿಟ್ಟು ಕೂತ ನೀರಿನ ಕೆಳಗೆ ಇಷ್ಟೊಂದು ಜೀವ ಓಡಾಡುತ್ತಿತ್ತೇ? ಸಂಜೆ ಕೋಣೆಯ ಗೋಡೆಯ ಮೇಲೆ ಬೆಳಕು ಆಡಿದರೂ ನನಗೆ ಮೀನು ಹಾದಂತೆ ಕಾಣುತ್ತದೆ. ಈ ಊರಿನಲ್ಲಿ ಕೂತು, ಎಲ್ಲೋ ಏನಾದರೂ ತುಂಬಿಕೊಂಡಿದೆ ಎಂದು ಕೇಳುವುದೇ ಒಂದು ಸಮಾಧಾನ.

ಗಡುವು ಹತ್ತಿರ ಬಂದದ್ದರಿಂದ ನಿನಗೆ ಬರೆಯುವ ಮೊದಲೇ ಸಾಹೇಬರಿಗೆ ನೇರವಾಗಿ ಅಂಕಿ ಕಳಿಸಿದ್ದೇನೆ. ಕೆಳಗೆ ನನ್ನ ಸಹಿ. ಭಾವನಿಗೆ ಹೇಳು, ಇನ್ನು ನಿಶ್ಚಿಂತೆಯಿಂದ ಬಲೆ ಬೀಸಲಿ.

ರಾಮಾಂಜಿ

*

ಹಲಸೂರು
16 ಜೂನ್ 1943

ಮಾವ,

ನಿಶ್ಚಿಂತೆಯ ವಿಷಯ ಕೇಳು. ಸಾಹೇಬರು ನಿನ್ನ ಕಾಗದವನ್ನು ಮುಂದಿಟ್ಟುಕೊಂಡು, "ಇಷ್ಟೊಂದು ಮೀನಿದ್ದರೆ ಬೀಸುಬಲೆಯಲ್ಲಿ ಹಿಡಿದು ಯಾವಾಗ ಮುಗಿಸ್ತೀರಿ?" ಎಂದರು. ಡಿಸೆಂಬರಿನಿಂದ ಕೆರೆ ಕಂತ್ರಾಟುದಾರನಿಗೆ. ಅಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತು, "ಇಪ್ಪತ್ತು ಸಾವಿರನಾ? ನಿಮ್ಮ ಮಾವ ಎಣಿಸಿದ್ದು ನಮ್ಮ ಕೆರೆನಾ, ಸಮುದ್ರನಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಲವತ್ತು ವರ್ಷ ಆ ನೀರಿನ ಮೇಲಿದ್ದವರಿಗೆ ನಂಬಿಕೆ ಬರುತ್ತಿಲ್ಲ. ಅಂಕಿ ನಿಜವೇ? ಬೇಗ ಬರೆ. ಅಥವಾ ದಿನಾ ಎರಡು ಹೊತ್ತು ಬಂಗಾಳದ ಮೀನು, ಅನ್ನ ಹೊಡೆದು ಹೊಟ್ಟೆ ಬಂದವನಿಗೆ ನಮ್ಮ ಕೆರೆ ಮರೆತೇಹೋಯಿತೋ?

ಕೃಷ್ಣರಾಜಪುರದಿಂದ ನನಗೊಂದು ಸಂಬಂಧ ಬಂದಿದೆ. ಹುಡುಗ ರೈಲ್ವೆಯಲ್ಲಿದ್ದಾನೆ. ಅಮ್ಮ ನಿನ್ನ ಕಾಗದಕ್ಕೆ ಕಾಯುತ್ತಿದ್ದಾಳೆ.

ಗೋವಿಂದ

*

ಹಲಸೂರು
4 ಸೆಪ್ಟೆಂಬರ್ 1943

ಮಾವ,

ಎರಡೂವರೆ ತಿಂಗಳಾಯಿತು. ನಿನ್ನಿಂದ ಒಂದು ಕಾರ್ಡೂ ಇಲ್ಲ. ರೈಲ್ವೆ ಹುಡುಗನ ಸುದ್ದಿ ಕೇಳಿ ನಿನಗೆ ಹಗುರವಾಯಿತು ಎಂದುಕೊಂಡಿದ್ದೇನೆ. ಇರಲಿ. ಈ ಕಾಗದ ಅದಕ್ಕಲ್ಲ.

ತಪ್ಪು ನನ್ನದು. ನಾನು ಬಾಲ ಕತ್ತರಿಸಲಿಲ್ಲ. ಮೊದಲನೆಯ ಮೀನಿಗೆ ಕತ್ತರಿ ಹಿಡಿದೆ, ಅದು ನನ್ನ ಕೈಯಲ್ಲಿ ನಡುಗಿತು, ಕತ್ತರಿ ಕೆಳಗಿಟ್ಟೆ. ಗುಜರಿಯಿಂದ ಹಿತ್ತಾಳೆ ತಂತಿ ತಂದು ಸಣ್ಣ ಸಣ್ಣ ಉಂಗುರ ಮಾಡಿ ಮೇಲ್ತುಟಿಗೆ ಹಾಕಿದೆ. ಐದು ವರ್ಷಕ್ಕೆ ನನಗೂ ಮೂಗು ಚುಚ್ಚಿಸಿದ್ದರು, ನಾನು ಸತ್ತೆನೇ ಎಂದುಕೊಂಡೆ. ಗುರುತು ಎಂದರೆ ಗುರುತು, ನಿನಗೇಕೆ ಹೇಳಬೇಕು ಎಂದೂ ಅಂದುಕೊಂಡೆ.

ಮೊನ್ನೆ ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದೆ. ಅಪ್ಪನ ಮೀನು ಮಾರುವ ಇಮಾಮ್ ಬೀ ಗೊತ್ತಲ್ಲ. ಅವಳು ಮಾತಿನ ಮಧ್ಯೆ, "ಬೇಟೀ, ನಿಮ್ಮ ಕೆರೇಲಿ ಯಾರೋ ದೊಡ್ಡ ಮನ್ನತ್ತು, ಹರಕೆ ಕಟ್ಕೊಂಡವ್ರೆ ನೋಡು. ಎಷ್ಟೊಂದು ಮೂಗುತಿ ಮೀನು. ನಿಮ್ಮಪ್ಪಂಗೆ ದಿನಾ ಸಿಗ್ತಾವಂತೆ, ದಿನಾ ಬಿಡ್ತಾನಂತೆ" ಎಂದಳು. ಅಲ್ಲಿಂದ ನೇರವಾಗಿ ಅಪ್ಪನ ಹತ್ತಿರ ಬಂದೆ.

ನೀನೂ ನಾನೂ ಮರೆತಿದ್ದೆವು. ಮಗುವಿಗೆ ಕಾಯಿಲೆಯಾದರೆ ಗಂಗಮ್ಮನಿಗೆ ಹರಕೆ ಹೊತ್ತು ಮೀನಿಗೆ ಮೂಗುತಿ ಹಾಕಿ ಬಿಡುತ್ತಿದ್ದರು, ನಿನಗೂ ಒಂದು ಬಿಟ್ಟಿದ್ದರಂತೆ. ಅಂಥದ್ದು ಬಲೆಗೆ ಬಂದರೆ ಬಿಡಬೇಕು, ಯಾರಿಗೂ ಹೇಳಬಾರದು, ಎಣಿಸಲಂತೂ ಬಾರದು. ನಾನು ಮೀನಿಗೆ ಏನು ಹಾಕುತ್ತಿದ್ದೇನೆ ಎಂದು ಅಪ್ಪ ಹರಿಗೋಲಿನಲ್ಲೇ ನೋಡಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಎಣಿಸೋದು ಒಂದು ನೆಪ, ಏನೋ ಹರಕೆ ಹೊತ್ತವ್ಳೆ ಅಂದ್ಕೊಂಡೆ. ಹರಕೆ ಯಾಕೆ ಅಂತ ಹೆಣ್ಮಕ್ಳನ್ನ ಕೇಳ್ತಾರಾ?" ಎಂದರು. ಮುನ್ನೂರು ಹಿಡಿಯುವಾಗ ಅಪ್ಪನೂ ಬೀದಿಯವರೆಲ್ಲರೂ ಉಂಗುರದವನ್ನು ಬಿಟ್ಟು ಬೇರೆಯವನ್ನು ಎಣಿಸಿದ್ದಾರೆ. ಭಾನುವಾರದ ಮೂರನ್ನು ನಾನೇ ಬಲೆಯಿಂದ ಎತ್ತಿ ಬರೆದುಕೊಂಡೆ.

ಈಗ ಏನು ಮಾಡಲಿ ಮಾವ? ನನಗೆ ಹೆದರಿಕೆಯಾಗಿದೆ.

ಗೋವಿಂದ

*

ಕಲ್ಕತ್ತೆ
21 ನವೆಂಬರ್ 1943

ಗೋವಿಂದೂ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಕಾಗದಗಳನ್ನು ಒಡೆದು ಓದುವ ಸೆನ್ಸಾರಿನವರಿದ್ದಾರೆ. ಇಲ್ಲಿ ಪರಿಚಯವಾದ ಲಾರಿ ಮೆಕ್ಯಾನಿಕ್ ಶಫಿ ಎಂಬವರು ರಜೆಯ ಮೇಲೆ ನಮ್ಮ ಕಡೆಗೇ ಬರುತ್ತಿದ್ದಾರೆ, ಅವರ ಕೈಗೆ ಕೊಟ್ಟಿದ್ದೇನೆ.

ನಾನು ಮೀನು ಅನ್ನ ತಿನ್ನುತ್ತಿಲ್ಲ. ಇಲ್ಲಿ ಜನ ಬೀದಿಯಲ್ಲಿ ಗಂಜಿಯ ನೀರು ಕೇಳುತ್ತಾ ಸಾಯುತ್ತಿದ್ದಾರೆ. ಜೂನಿನಲ್ಲಿ ನಿನ್ನ ಕಾಗದ ಬಂದಾಗ ಬರೆಯಲು ಕೂತೆ, ನೀನು ತಮಾಷೆಗೆ ಬರೆದ ಆ ಸಾಲನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ. ಆಮೇಲೆ ದಿನಗಳು ಹೋದದ್ದು ತಿಳಿಯಲಿಲ್ಲ. ಹಗಲೇ ಕನಸಿನ ಹಾಗಿರುತ್ತದೆ, ಯಾರೋ ಮಾತಾಡಿದ್ದು ಬಹಳ ಹೊತ್ತಾದ ಮೇಲೆ ಕೇಳಿಸುತ್ತದೆ.

ಮಾರ್ಚಿನಲ್ಲಿ ನದಿಯಂಚಿನ ಹಳ್ಳಿಗಳಲ್ಲಿ ನೂರಿಪ್ಪತ್ತು ಮನೆಗಳಿಗೆ ನಂಬರು ಬರೆದಿದ್ದೆ. ಕಳೆದ ತಿಂಗಳು ಮತ್ತೆ ಹೋದೆ. ಮೂವತ್ತೊಂದು ಮನೆಯಲ್ಲಿ ಜನರಿದ್ದರು. ಉಳಿದ ಎಂಬತ್ತೊಂಬತ್ತರಲ್ಲಿ ಬಾಗಿಲೂ ಇರಲಿಲ್ಲ, ಮಾರಿಕೊಂಡಿದ್ದರು. ಬಾಗಿಲುವಾಡದ ಮೇಲೆ ನನ್ನ ಟಾರಿನ ಅಂಕಿ ಮಾತ್ರ ಇತ್ತು. ಕೆರೆಯಲ್ಲಿ ಗುರುತಿನವು ಸಿಗದಿದ್ದಾಗ ನಾನು ಹಿಗ್ಗಿದೆ, ಕೆರೆ ದೊಡ್ಡದು ಎಂದೆ. ಇಲ್ಲಿ ಅದೇ ಲೆಕ್ಕ ಹಾಕಿದರೆ ಊರು ತುಂಬಿ ತುಳುಕುತ್ತಿದೆ ಎಂದು ಬರುತ್ತದೆ. ಆ ರಾತ್ರಿಯಿಂದ ನನಗೆ ಪೆನ್ಸಿಲ್ ಮುಟ್ಟಲು ನಾಚಿಕೆ.

ನಿನ್ನ ತಪ್ಪಲ್ಲ. ಗುರುತು ಮಿನುಗುತ್ತದೆ ಎಂದು ನೀನು ಬರೆದಿದ್ದೆ. ಕತ್ತರಿಸಿದ ಬಾಲ ಹೇಗೆ ಮಿನುಗುತ್ತದೆ ಎಂದು ನಾನು ಕೇಳಲಿಲ್ಲ. ಮೂರೂ ಭಾನುವಾರ ಸಿಕ್ಕವು ಎಂದು ಬರೆದಿದ್ದೆ. ಈ ಕೆಲಸ ಕಲಿತವನು ಮೊದಲು ಅನುಮಾನ ಪಡಬೇಕಾದದ್ದೇ ಅಲ್ಲಿ. ನನಗೆ ದೊಡ್ಡ ಅಂಕಿ ಬೇಕಾಗಿತ್ತು, ಅದಕ್ಕೇ ಕೇಳಲಿಲ್ಲ. ಅಂಕಿ ತಪ್ಪು, ಭಾನುವಾರದ ಪಟ್ಟಿಯೊಂದನ್ನೇ ಹಿಡಿದರೆ ಎರಡು ಸಾವಿರ ಇದ್ದರೆ ಹೆಚ್ಚು, ಗುರುತಿನ ವ್ಯವಸ್ಥೆಯಲ್ಲಿ ನಾನು ಎಡವಿದೆ ಎಂದು ಸಾಹೇಬರಿಗೆ ಬರೆದಿದ್ದೇನೆ. ತಡವಾಯಿತೇನೋ. ಭಾವನಿಗೆ ಹೇಗೆ ಮುಖ ತೋರಿಸಲಿ?

ರಾಮಾಂಜಿ

*

ಹಲಸೂರು
26 ಡಿಸೆಂಬರ್ 1943

ಮಾವ,

ಶಫಿಯವರು ಕಾಗದ ಕೊಟ್ಟು ಹೋದರು. ಜೂನಿನ ಆ ಸಾಲನ್ನು ಬರೆದ ಕೈಯನ್ನು ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಕ್ಷಮಿಸು ಎಂದರೆ ಬಹಳ ಕಡಿಮೆಯಾಗುತ್ತದೆ. ನೀನು ಊಟ ಮಾಡುತ್ತಿದ್ದೀಯಾ, ಅಷ್ಟನ್ನು ಮೊದಲು ಬರೆ.

ಎಳೆಬಲೆ ಹನ್ನೊಂದು ದಿನ ಆಡಿತು. ಎರಡೂ ದಡದಲ್ಲಿ ಇಪ್ಪತ್ತಿಪ್ಪತ್ತು ಜನ ನಿಂತು ಎಳೆಯುತ್ತಿದ್ದರು. ಅಪ್ಪ ದಿನಾ ಹೋಗಿ ನೋಡುತ್ತಾ ಕೂರುತ್ತಿದ್ದರು, ನಾವು ಬೇಡ ಎಂದರೂ ಕೇಳಲಿಲ್ಲ. ಮೊದಲ ದಿನ ಉಂಗುರದವು ಬಂದಾಗ ಎಳೆಯುವವರೇ ಕೈ ಬಿಟ್ಟರು. ಅವರೂ ಯಾವುದೋ ಊರಿನ ಬೆಸ್ತರು. ಕಂತ್ರಾಟುದಾರ ಕೂಗಾಡಿ ಒಂದಿಷ್ಟನ್ನು ನೀರಿನ ಪೀಪಾಯಿಯಲ್ಲಿ ಹಾಕಿಸಿ ಮಾರ್ಕೆಟ್ಟಿಗೆ ಕಳಿಸಿದ. ಇಮಾಮ್ ಬೀ ಈಳಿಗೆ ಮಣೆ ಸರಿಸಿ ಎದ್ದು, "ಮೂಗುತಿ ಹಾಕಿರೋ ಹೆಣ್ಮಕ್ಳನ್ನ ನಾನು ಕೊಯ್ಯಲ್ಲ, ಸಾಬ್" ಎಂದಳಂತೆ. ಅವಳು ಎದ್ದ ಮೇಲೆ ಆ ಸಾಲಿನಲ್ಲಿ ಯಾರೂ ಕೊಯ್ಯಲಿಲ್ಲ. ಪೀಪಾಯಿ ಅದೇ ಗಾಡಿಯಲ್ಲಿ ವಾಪಸು ಕೆರೆಗೆ ಬಂತು.

ಆರನೆಯ ದಿನದ ಹೊತ್ತಿಗೆ ಬಲೆ ಹಗುರವಾಯಿತು. ಹನ್ನೊಂದನೆಯ ದಿನ ಕೊನೆಯ ಎಳೆತಕ್ಕೆ ನಲವತ್ತೆರಡು ಮೀನು ಬಂದವು, ನಲವತ್ತೆರಡಕ್ಕೂ ಉಂಗುರ. ನಾನು ನೀರಿಗಿಳಿದು ಒಂದೊಂದನ್ನೂ ತಿರುಗಿಸಿ ನೋಡಿದೆ. ಬಿಸಿಲಿಗೆ ಇಡೀ ಬಲೆ ಹೊಳೆಯುತ್ತಿತ್ತು. ಎಳೆಯುವವರು ಅಷ್ಟನ್ನೂ ನೀರಿಗೆ ಬಿಟ್ಟರು. ಕಂತ್ರಾಟುದಾರ ಬಲೆ ಸುತ್ತಿಕೊಂಡು ಹೋದ. ಹಿಡಿದದ್ದು ಒಟ್ಟು ಸಾವಿರದ ಏಳುನೂರು ಚಿಲ್ಲರೆ. ನಿನ್ನ ಎರಡನೆಯ ಅಂಕಿ ಸರಿ, ಮಾವ.

ಸಾಹೇಬರ ಗುಮಾಸ್ತರು ನಿನ್ನ ಕಾಗದ ತೋರಿಸಿದರು. ಅದರಲ್ಲಿ ನನ್ನ ಹೆಸರೇ ಇಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಅಲ್ಲೇ ಅವರ ಮುಂದೆ ಅಳು ಬಂತು. ಕೆರೆ ಬೀಸುಬಲೆಯವರಿಗೇ ಇರಲಿ ಎಂದು ಬರೆದುಕೊಟ್ಟಿದ್ದಾರೆ. ಅಪ್ಪ ಬಲೆ ಬೀಸುತ್ತಾರೆ, ಉಂಗುರ ನೋಡುತ್ತಾರೆ, ಬಿಡುತ್ತಾರೆ. "ಎಲ್ಲಾ ಗಂಗಮ್ಮಂದೇ ಆದ್ಮೇಲೆ ನಾನೇನು ಹಿಡೀಲಿ?" ಎನ್ನುತ್ತಾರೆ. ಮಳೆಗಾಲದ ತನಕ ಇಟ್ಟಿಗೆ ಗೂಡಿನಲ್ಲಿ ಕೆಲಸ ಹಿಡಿದಿದ್ದಾರೆ.

ಒಂದು ಮಾತು ಹೇಳಲೇ? ನಮ್ಮ ಮೀನು ಸಿಗಲಿಲ್ಲ ಎಂದರೆ ಸತ್ತವು ಎಂದಲ್ಲ. ಯಾರೋ ಕಾಪಾಡಿ, ಬಾಯಿ ಬಿಡದೆ ಇದ್ದರು.

ಗೋವಿಂದ

*

ಕಲ್ಕತ್ತೆ
13 ಫೆಬ್ರವರಿ 1944

ಗೋವಿಂದೂ,

ಊಟ ಮಾಡುತ್ತಿದ್ದೇನೆ.

ನಿನ್ನ ಕೊನೆಯ ಸಾಲನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಆ ಹಳ್ಳಿಗಳಿಗೆ ಹೋದೆ. ಹಿಂದಿನ ಸಲ, ಈ ನಂಬರಿನ ಮನೆಯವರು ಎಲ್ಲಿ ಎಂದು ಕೇಳಿದ್ದೆ, ಜನ ತಲೆ ಅಲ್ಲಾಡಿಸಿದ್ದರು. ಈ ಸಲ ಪಕ್ಕದ ಊರುಗಳಲ್ಲಿ, ನಿಮ್ಮ ಮನೆಗೆ ಯಾರನ್ನಾದರೂ ಸೇರಿಸಿಕೊಂಡಿರಾ ಎಂದು ಕೇಳಿದೆ. ಐವತ್ತೆಂಟನೆಯ ಮನೆಯ ಹುಡುಗಿ ಒಬ್ಬ ಕುಂಬಾರನ ಮನೆಯಲ್ಲಿದ್ದಾಳೆ. ತಮ್ಮ ಮಗಳೆಂದೇ ಹೇಳುತ್ತಿದ್ದರು, ಕಳಿಸಿಬಿಡಬೇಕಾದೀತೆಂಬ ಭಯ. ಅವಳಿಗೆ ಬಾಗಿಲಿನ ನಂಬರು ನೆನಪಿತ್ತು. ಬೆರಳಿನಿಂದ ಮಣ್ಣಿನ ಮೇಲೆ ಬರೆದು ತೋರಿಸಿದಳು.

ಎಂಬತ್ತೊಂಬತ್ತು ಮನೆಗಳಲ್ಲಿ ಆರು ಮನೆಯವರ ಸುಳಿವು ಸಿಕ್ಕಿತು. ಆರೇ. ಉಳಿದವರು ಸಿಗುವುದಿಲ್ಲ, ನನಗೆ ಗೊತ್ತು. ಆದರೂ ಆ ಆರನ್ನು ಪಟ್ಟಿಯಲ್ಲಿ ಬರೆಯಲು ಮತ್ತೆ ಪೆನ್ಸಿಲ್ ಹಿಡಿದೆ.

ಈ ಸುತ್ತು ಮುಗಿಯಲು ಮಳೆಗಾಲ ದಾಟಬೇಕು. ದೀಪಾವಳಿಗೆ ಬರುತ್ತೇನೆ. ರೈಲ್ವೆ ಹುಡುಗನ ವಿಷಯ ಆಗ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನನಗೆ ಹಗುರವಾಗಲಿಲ್ಲ, ಗೋವಿಂದೂ. ಆ ಕಾಗದದಲ್ಲಿ ನಾನು ದಾಟಲಾಗದ ಸಾಲುಗಳು ಎರಡಿದ್ದವು.

ರಾಮಾಂಜಿ

*

ಹಲಸೂರು
1 ಅಕ್ಟೋಬರ್ 1944

ಮಾವ,

ಕೃಷ್ಣರಾಜಪುರದವರಿಗೆ ಆಗಲೇ ಬೇಡ ಎಂದು ಹೇಳಿ ಕಳಿಸಿದ್ದೆ. ನೀನು ಕೇಳಲಿ ಎಂದು ಬರೆದಿರಲಿಲ್ಲ, ಕೇಳಿದ ಮೇಲೆ ಹೇಗೆ ಬರೆಯಲಿ ಎಂದು ಏಳು ತಿಂಗಳು ಕಳೆದೆ.

ಮಳೆ ಚೆನ್ನಾಯಿತು. ಕಳೆದ ವಾರ ಅಪ್ಪನ ಬಲೆಗೆ ಬೆರಳುದ್ದದ ಮರಿಗಳು ಬಂದವು. ಒಂದನ್ನು ಅಂಗೈ ಮೇಲಿಟ್ಟುಕೊಂಡು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ಅದರ ಮೂತಿ ನೋಡಿದರು. ಏನೂ ಇರಲಿಲ್ಲ. "ಇದು ನಮ್ದು" ಎಂದರು. ಆಮೇಲೆ ಅದನ್ನೂ ಬಿಟ್ಟರು, ಬೆಳೆಯಲಿ ಎಂದು. ಇಟ್ಟಿಗೆ ಗೂಡಿಗೆ ಇನ್ನು ಹೋಗುವುದಿಲ್ಲವಂತೆ.

ನಿನಗೆ ಹೇಳುವುದು ಒಂದು ಉಳಿದಿದೆ. ಹಿತ್ತಾಳೆ ತಂತಿ ಹಾಕಿದ್ದು ನೂರ ತೊಂಬತ್ತೊಂಬತ್ತು ಮೀನಿಗೆ. ಇನ್ನೂ ಒಂದು ಮೊಳ ತಂತಿ ಕೈಯಲ್ಲಿತ್ತು. ಆದರೂ ಇನ್ನೂರನೆಯದಕ್ಕೆ ನನ್ನ ಮೂಗುತಿ ಬಿಚ್ಚಿ ಹಾಕಿದೆ, ನೀನು ಸುಖವಾಗಿ ಮನೆಗೆ ಬರಲಿ ಎಂದು. ನಮ್ಮ ಬೀದಿಯವರು ಪೂರ್ತಿ ತಪ್ಪು ತಿಳಿದಿರಲಿಲ್ಲ, ಮಾವ. ಇನ್ನೂರರಲ್ಲಿ ಒಂದು ಹರಕೆಯದೇ. ಎಳೆಬಲೆಯ ದಿನ ನೀರಿಗಿಳಿದು ನಾನು ಹುಡುಕಿದ್ದು ಅದನ್ನು, ಸಿಗಲಿಲ್ಲ.

ನಿನ್ನೆ ಬೆಳಿಗ್ಗೆ ಅದು ಅಪ್ಪನ ಬಲೆಗೆ ಬಂತು. ನಾನು ಹರಿಗೋಲಿನ ಆ ತುದಿಯಲ್ಲಿದ್ದೆ. ಮೊದಲಿಗಿಂತ ದಪ್ಪಗಾಗಿತ್ತು. ಮೂಗುತಿ ಮಾಸಿರಲಿಲ್ಲ. ತಾವೇ ಮಾಡಿಸಿದ ಮೂಗುತಿ ಅವರಿಗೆ ಗೊತ್ತಾಗದೇ? ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಬಿಟ್ಟರು. ಅದು ನಡುಗಡ್ಡೆಯ ಕಡೆಗೆ ಹೋಯಿತು. ಅವರು ಹುಟ್ಟು ತೆಗೆದುಕೊಂಡು ಹರಿಗೋಲನ್ನು ದಡದ ಕಡೆಗೆ ತಿರುಗಿಸಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಬರಿಯ ಮೂಗನ್ನು ಒಮ್ಮೆ ನೋಡಿದರು. ಮುದ್ದೆ ಮುರಿಯುತ್ತಾ, "ನಿಮ್ಮ ಮಾವ ಯಾವತ್ತು ಬರ್ತಾನಂತೆ?" ಎಂದರು.

ಗೋವಿಂದ